ಬಣ್ಣ ಕಣ್ಣಿಗೆ, ತೂಕ ತಕ್ಕಡಿಗೆ

ಕೋಲಾರ ಸೀಮೆಯ ಕುರಿ ಮಂದೆಗಳಲ್ಲಿ ಬನ್ನೂರು, ನೆಲ್ಲೂರು ಎರಡೂ ಬೆರೆತಿವೆ, ಈಗ ಡಾರ್ಪರ್ ಕೂಡ ಬರುತ್ತಿದೆ. ಮರಿ ದೊಡ್ಡದಾಗಬೇಕು, ಮೈಬಣ್ಣವೂ ಗಿರಾಕಿಯ ಕಣ್ಣಿಗೆ ಹಿಡಿಸಬೇಕು ಎನ್ನುವವರು ಟಗರು ಕೊಳ್ಳುವ ಮೊದಲು ತಿಳಿದಿರಬೇಕಾದ ಲೆಕ್ಕವೊಂದಿದೆ.

ಮುಳಬಾಗಿಲು ದಾಟಿ ನಂಗಲಿ ಕಡೆಗೆ ಹೊರಟರೆ ಹೆದ್ದಾರಿಯ ಪಕ್ಕದ ಬಯಲಿನಲ್ಲಿ ಮೇಯುವ ಮಂದೆಗಳು ಒಂದೇ ಬಣ್ಣದವಲ್ಲ. ಅಚ್ಚ ಬಿಳಿಯದರ ಪಕ್ಕದಲ್ಲಿ ಕಂದು, ಕಂದಿನ ಹಿಂದೆ ಬಿಳಿ ಮೈಗೆ ಕಪ್ಪು ಮೂತಿಯದು, ನಡುವೆ ಅಲ್ಲೊಂದು ಇಲ್ಲೊಂದು ಕರಿ ಮರಿ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲೂ ಮಾಲೂರಿನ ಕೆರೆಯಂಗಳಗಳಲ್ಲೂ ಇದೇ ನೋಟ. ಕೆಲವು ಕುರಿಗಳ ಕಿವಿ ಎಲೆಯಂತೆ ಜೋತುಬಿದ್ದಿದ್ದರೆ ಕೆಲವಕ್ಕೆ ಕಾಲು ಉದ್ದ. ಇವೆಲ್ಲ ಒಂದೇ ತಳಿಯ ಕುರಿಗಳಲ್ಲ. ಸುತ್ತಲಿನ ಮೂರು ರಾಜ್ಯಗಳ ಟಗರುಗಳು ತಲೆಮಾರುಗಳಿಂದ ಇಲ್ಲಿ ಬೀಜ ಬಿಟ್ಟು ಹೋಗಿವೆ.

ಕೋಲಾರದ ಹೆಸರಿನಲ್ಲಿ ನೋಂದಾಯಿತ ಕುರಿ ತಳಿ ಯಾವುದೂ ಇಲ್ಲ. ಆದರೆ ಜಿಲ್ಲೆ ಇರುವ ಜಾಗ ತಳಿಗಳ ಕೂಡುದಾರಿ. ಪಶ್ಚಿಮಕ್ಕೆ ಮಂಡ್ಯ ಸೀಮೆಯ ಬನ್ನೂರು ಕುರಿ, ಪೂರ್ವಕ್ಕೆ ಆಂಧ್ರದ ನೆಲ್ಲೂರು ಕುರಿ, ದಕ್ಷಿಣಕ್ಕೆ ಇಳಿದರೆ ತಮಿಳುನಾಡಿನ ಮೇಚೇರಿ. ಮೂರಕ್ಕೂ ಉಣ್ಣೆಯಿಲ್ಲ, ಮೈಮೇಲೆ ಇರುವುದು ಗಿಡ್ಡ ಕೂದಲು. ಬಳ್ಳಾರಿ, ದಖನಿ ಕುರಿಗಳಂತೆ ಇವಕ್ಕೆ ವರ್ಷಕ್ಕೆರಡು ಸಲ ಕತ್ತರಿ ಹಾಕುವ ಕೆಲಸವಿಲ್ಲ. ಇವುಗಳಿಂದ ಕಂಬಳಿ ಆಗದು. ಮಾಂಸ, ಚರ್ಮ, ಹೊಲಕ್ಕೆ ಗೊಬ್ಬರ ಇಷ್ಟೇ ಆದಾಯ. ಆದ್ದರಿಂದ ಇಲ್ಲಿ ತಳಿ ಬೆರೆಸುವವರ ಗುರಿ ಎರಡೇ: ಮರಿ ಬೇಗ ತೂಕ ಬರಬೇಕು, ಸಂತೆಯಲ್ಲಿ ಕಣ್ಣಿಗೆ ಬೀಳಬೇಕು.

ಗಿಡ್ಡ ಬನ್ನೂರು, ಎತ್ತರದ ನೆಲ್ಲೂರು

ಬನ್ನೂರು, ಬಂಡೂರು, ಮಂಡ್ಯ ಎಂದು ಮೂರು ಹೆಸರಿನ ಕುರಿ ಒಂದೇ. ಗಿಡ್ಡ ಕಾಲು, ತುಂಬಿದ ಮೈ, ಅಗಲ ಬೆನ್ನು. ಹಿಂದಿನಿಂದ ನೋಡಿದರೆ ತೊಡೆಗಳ ನಡುವಿನ ಆಕಾರ ಇಂಗ್ಲಿಷಿನ ‘ಯು’ ಅಕ್ಷರವನ್ನು ತಲೆಕೆಳಗು ಮಾಡಿದಂತೆ ಕಾಣುತ್ತದೆ. ತಳಿಯ ಗುರುತೇ ಅದು. ಬಣ್ಣ ಬಿಳಿ, ಮುಖದ ಮೇಲೆ ಕೆಲವೊಮ್ಮೆ ತಿಳಿ ಕಂದು ಛಾಯೆ ಇದ್ದು ಅದು ಕೊರಳವರೆಗೂ ಇಳಿದಿರುತ್ತದೆ. ಗಂಡಿಗಾಗಲಿ ಹೆಣ್ಣಿಗಾಗಲಿ ಕೊಂಬಿಲ್ಲ. ಬೆಳೆದ ಟಗರು 35 ಕೆ.ಜಿ. ಆಸುಪಾಸು, ಹೆಣ್ಣುಕುರಿ 25 ಕೆ.ಜಿ.ಯ ಒಳಗೇ. ಮಾಂಸದ ನಡುವೆ ಹರಡುವ ಕೊಬ್ಬು, ಮೆದುತನ, ರುಚಿ ಇವುಗಳಿಗೆ ಇದರ ಹೆಸರು ದೇಶದಲ್ಲೆಲ್ಲ ಹಬ್ಬಿದೆ. ಕೊರತೆಯೆಂದರೆ ಗಾತ್ರ. ಹುಟ್ಟುವ ಮರಿ ಸುಮಾರು ಎರಡು ಕೆ.ಜಿ. ಇರುತ್ತದೆ, ಬೆಳವಣಿಗೆಯೂ ನಿಧಾನ.

ನೆಲ್ಲೂರು ಇದಕ್ಕೆ ತದ್ವಿರುದ್ಧ. ಭಾರತದ ಕುರಿಗಳಲ್ಲೇ ಅತಿ ಎತ್ತರದ್ದು. ನೀಳ ಮುಖ, ಜೋಲು ಕಿವಿ, ಟಗರಿಗೆ ಕೊಂಬು, ಬಹುಪಾಲು ಕುರಿಗಳಿಗೆ ಮೇಕೆಯ ಹಾಗೆ ಕೊರಳ ಮೊಲೆ. ಮರಿ ಹುಟ್ಟುವಾಗಲೇ ಮೂರು ಕೆ.ಜಿ. ಹತ್ತಿರ ತೂಗುತ್ತದೆ. ಇದರಲ್ಲಿ ಮೂರು ಬಗೆ, ಮೂರನ್ನೂ ಬೇರೆ ಮಾಡುವುದು ಬಣ್ಣವೇ. ಪೂರ್ತಿ ಬಿಳಿ ಅಥವಾ ತಿಳಿ ಕಂದು ಮಚ್ಚೆಯದು ಪಲ್ಲ. ಬಿಳಿ ಮೈಗೆ ಕಣ್ಣು, ತುಟಿ, ಕೆಳದವಡೆ, ಹೊಟ್ಟೆಯ ಬಳಿ ಕಪ್ಪು ಇದ್ದರೆ ಜೋಡಿಪಿ. ಮೈಯೆಲ್ಲ ಕಂದಾಗಿದ್ದರೆ ದೊರ.

ಕೋಲಾರದ ಗಡಿ ಹಳ್ಳಿಗಳಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು. ಟಗರು ಎಂದವರೇ ಮರುಮಾತಿಗೆ ಪೊಟ್ಟೇಲು ಎನ್ನುತ್ತಾರೆ. ಮಾತಿನಂತೆ ಪ್ರಾಣಿಗಳೂ ಗಡಿ ದಾಟುತ್ತವೆ. ಇಲ್ಲಿನ ಸಣ್ಣ ಕುರಿಗೆ ನೆಲ್ಲೂರು ಟಗರು ಕಟ್ಟಿ ಮರಿಯನ್ನು ಎತ್ತರ ಮಾಡಿಕೊಳ್ಳುವುದು ಯಾವ ಇಲಾಖೆಯೂ ಹೇಳಿಕೊಟ್ಟ ಯೋಜನೆಯಲ್ಲ. ಕುರಿ ಸಾಕುವವರು ತಾವೇ ಕಂಡುಕೊಂಡ ದಾರಿ.

ಬಿಳಿ ಕುರಿಗೆ ಕರಿ ಮರಿ ಹೇಗೆ?

ಬಣ್ಣದ ಹಂಬಲ ಬರೀ ಚಂದಕ್ಕಲ್ಲ. ದೇವರ ಹರಕೆಗೆ ಕೆಲವೆಡೆ ಇಂಥದೇ ಬಣ್ಣದ ಮರಿ ಬೇಕು. ಬಕ್ರೀದ್ ಹೊತ್ತಿಗೆ ಬರುವ ಗಿರಾಕಿ ಮೈಯಲ್ಲಿ ಊನವಿಲ್ಲದ, ನೋಡಲು ಲಕ್ಷಣವಾದ ಟಗರಿಗೆ ಹೆಚ್ಚು ಕೊಡುತ್ತಾನೆ. ಸಂತೆಯ ದಲ್ಲಾಳಿಗೆ ಬಣ್ಣವೇ ತಳಿಯ ಸರ್ಟಿಫಿಕೇಟು. ಮೂತಿ ಕಪ್ಪಗಿದ್ದರೆ ನೆಲ್ಲೂರು ರಕ್ತ, ಮುಖ ತಿಳಿ ಕಂದಾಗಿದ್ದರೆ ಬನ್ನೂರು ಎಂದು ಕೂಗಿ ಬೆಲೆ ಏರಿಸುತ್ತಾನೆ.

ಆದರೆ ಬಣ್ಣದ ಕೆಲಸ ಅಷ್ಟು ನೇರವಾಗಿ ನಡೆಯುವುದಿಲ್ಲ. ಕುರಿಯ ಕೂದಲಿಗೆ ಬಣ್ಣ ಕೊಡುವ ವರ್ಣಕ ಎರಡೇ ಬಗೆ. ಒಂದರಿಂದ ಕಪ್ಪು, ಗಾಢ ಕಂದು. ಇನ್ನೊಂದರಿಂದ ಕೆಂಪು, ಹಳದಿ ಛಾಯೆ. ಯಾವುದು ಎಲ್ಲಿ, ಎಷ್ಟು ತಯಾರಾಗಬೇಕು ಎಂಬುದನ್ನು ಕೆಲವು ಜೀನುಗಳು ನಿಯಂತ್ರಿಸುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಅಗೂಟಿ. ಅದರ ಬಿಳಿ ರೂಪ ಪ್ರಬಲ, ಕಪ್ಪು ರೂಪ ದುರ್ಬಲ. ಬಿಳಿ ಕುರಿಯೊಂದು ಕಪ್ಪಿನ ಪ್ರತಿಯೊಂದನ್ನು ತಲೆಮಾರುಗಟ್ಟಲೆ ಬಚ್ಚಿಟ್ಟುಕೊಂಡು ಸಾಗಬಲ್ಲದು. ಹಾಗೆ ಬಚ್ಚಿಟ್ಟುಕೊಂಡ ಟಗರು, ಹೆಣ್ಣು ಎರಡೂ ಕೂಡಿದರೆ ನಾಲ್ಕರಲ್ಲಿ ಒಂದು ಮರಿ ಕರಿಯದಾಗುವ ಸಾಧ್ಯತೆ ಇದೆ. ಬಿಳಿ ಟಗರಿಗೆ ಕರಿ ಮರಿ ಹುಟ್ಟಿತೆಂದು ಪಕ್ಕದ ಮಂದೆಯ ಟಗರಿನ ಮೇಲೆ ಗುಮಾನಿ ಪಡಬೇಕಿಲ್ಲ.

ಕಪ್ಪಿಗೆ ಇನ್ನೊಂದು ದಾರಿಯೂ ಇದೆ. ಎಂಸಿ1ಆರ್ ಎಂಬ ಬೇರೆ ಜೀನಿನ ಒಂದು ರೂಪ ಪ್ರಬಲ ಕಪ್ಪನ್ನು ಕೊಡುತ್ತದೆ. ಅಂಥ ಕುರಿಯ ಮರಿಗಳಲ್ಲಿ ಅರ್ಧದಷ್ಟಾದರೂ ಕರಿಯವಾಗಬಹುದು. ಎರಡು ಕರಿ ಕುರಿಗಳು ಕಣ್ಣಿಗೆ ಒಂದೇ ತರ, ಬಿಡುವ ಬೀಜ ಮಾತ್ರ ಬೇರೆ. ಮಚ್ಚೆಗಳ ವಿಷಯ ಇನ್ನೂ ಗೋಜಲು. ಅದರಲ್ಲಿ ಹಲವು ಜೀನುಗಳ ಕೈವಾಡವಿದೆ, ಜೋಡಿಪಿ ಟಗರು ತಂದ ಮಾತ್ರಕ್ಕೆ ಮರಿಗಳೆಲ್ಲ ಅದೇ ಮೂತಿ ಹೊತ್ತು ಬರುವುದಿಲ್ಲ.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಬೇರೊಂದಿದೆ. ಬಣ್ಣವನ್ನು ತೀರ್ಮಾನಿಸುವುದು ಬೆರಳೆಣಿಕೆಯ ಜೀನುಗಳು. ಮೈತೂಕವನ್ನು ತೀರ್ಮಾನಿಸುವುದು ನೂರಾರು, ಒಂದೊಂದರ ಪಾಲೂ ತೀರಾ ಕಡಿಮೆ. ಬೆರಕೆ ಮಂದೆಯಲ್ಲಿ ಒಂದು ಮರಿಗೆ ನೆಲ್ಲೂರಿನ ಕಪ್ಪು ಮೂತಿ ಬಂದು ಅದರ ಬೆಳವಣಿಗೆ ಬಾರದಿರಬಹುದು. ಇನ್ನೊಂದಕ್ಕೆ ಬೆಳವಣಿಗೆ ಬಂದು ಬಣ್ಣ ಬಾರದಿರಬಹುದು. ಬಣ್ಣ ನೋಡಿ ಬೀಜದ ಟಗರು ಆರಿಸುವವರು ಎರಡನೆಯದನ್ನು ಕಸಾಯಿಗೆ ಕಳಿಸಿ ಮೊದಲನೆಯದನ್ನು ಮಂದೆಯಲ್ಲಿ ಉಳಿಸಿಕೊಳ್ಳುತ್ತಾರೆ.

ಗಾತ್ರ ತಾಯಿಯದೂ ಹೌದು

ದೊಡ್ಡ ಟಗರು ತಂದರೆ ದೊಡ್ಡ ಮರಿ ಎಂಬ ನಂಬಿಕೆ ಅರ್ಧ ಸತ್ಯ. 1938ರಲ್ಲಿ ಇಂಗ್ಲೆಂಡಿನ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಭಾರಿ ಗಾತ್ರದ ಶೈರ್ ಕುದುರೆಯನ್ನೂ ಕುಳ್ಳ ಶೆಟ್‌ಲ್ಯಾಂಡ್ ಕುದುರೆಯನ್ನೂ ಎರಡೂ ದಿಕ್ಕಿನಲ್ಲಿ ಬೆರೆಸಿ ನೋಡಿದರು. ಎರಡೂ ಕಡೆಯ ಮರಿಗಳಲ್ಲಿ ಬೆರೆತ ರಕ್ತ ಒಂದೇ. ಆದರೂ ಕುಳ್ಳ ತಾಯಿಯ ಮರಿ ಹುಟ್ಟುವಾಗ ಸಣ್ಣದಿತ್ತು, ದೊಡ್ಡ ತಾಯಿಯದು ದೊಡ್ಡದಿತ್ತು. ಗರ್ಭದಲ್ಲಿ ಮರಿ ಎಷ್ಟು ಬೆಳೆಯಬೇಕು ಎಂಬುದಕ್ಕೆ ತಾಯಿಯ ಮೈ ಅಂಕೆ ಹಾಕುತ್ತದೆ ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ಈ ಅಂಕೆಗೂ ಮಿತಿಯುಂಟು. ಮೊದಲ ಸಲ ಈಯುವ ಸಣ್ಣ ಕುರಿಗೆ ಭಾರಿ ಟಗರು ಹಾರಿಸಿದರೆ ಹೆರಿಗೆ ಕಷ್ಟವಾಗುತ್ತದೆ. ಮರಿಯೂ ತಾಯಿಯೂ ಕೈತಪ್ಪುವ ಅಪಾಯವಿದೆ. ದೊಡ್ಡ ತಳಿಯ ಟಗರನ್ನು ಎರಡು ಮೂರು ಸಲ ಈದ, ಮೈಕೈ ತುಂಬಿದ ಕುರಿಗಳಿಗೆ ಮಾತ್ರ ಬಿಟ್ಟು, ಚೊಚ್ಚಲಿನವಕ್ಕೆ ಅವುಗಳದೇ ಗಾತ್ರದ ನಾಟಿ ಟಗರು ಕಟ್ಟುವುದು ಕ್ಷೇಮ.

ಗಬ್ಬದ ಅವಧಿ ಸುಮಾರು 150 ದಿನ. ಮರಿಯ ಬೆಳವಣಿಗೆಯ ಹೆಚ್ಚಿನ ಪಾಲು ಕೊನೆಯ ಆರು ವಾರಗಳಲ್ಲಿ ಆಗುತ್ತದೆ. ಆಗ ತಾಯಿಗೆ ಒಣ ಬಯಲು ಬಿಟ್ಟರೆ ಬೇರೇನೂ ಸಿಗದಿದ್ದರೆ ಅಪ್ಪ ಯಾವ ತಳಿಯವನಾದರೂ ಮರಿ ಬಡವೇ. ಹುಟ್ಟಿದ ಕೂಡಲೆ ಗಿಣ್ಣುಹಾಲು, ಮೊದಲ ಮೂರು ತಿಂಗಳು ತಾಯಿಯ ಹಾಲು, ಸಮಯಕ್ಕೆ ಜಂತಿನ ಔಷಧ ಇವೆಲ್ಲ ಸೇರಿದ ಮೇಲೆ ಟಗರಿನ ಗುಣ ಕಾಣುವುದು.

ಪಲಮನೇರಿನ ಪಾಠ

ದೊಡ್ಡ ತಳಿಯ ಟಗರು ತಂದರೆ ಆಗುವುದೇನು ಎಂಬ ಪ್ರಶ್ನೆಗೆ ಕೋಲಾರದವರು ಉತ್ತರ ಹುಡುಕಿ ದೂರ ಹೋಗಬೇಕಿಲ್ಲ. ನಂಗಲಿ ದಾಟಿ ಅದೇ ಹೆದ್ದಾರಿಯಲ್ಲಿ ಮುಂದೆ ಸಾಗಿದರೆ ಚಿತ್ತೂರು ಜಿಲ್ಲೆಯ ಪಲಮನೇರು. ಪುಂಗನೂರು ಹಸುಗಳ ಸಂರಕ್ಷಣೆಯಿಂದ ಹೆಸರಾದ ಜಾನುವಾರು ಸಂಶೋಧನಾ ಕೇಂದ್ರ ಅಲ್ಲಿದೆ. 1971ರಲ್ಲಿ ಶುರುವಾದ ಅಖಿಲ ಭಾರತ ಸಮನ್ವಯ ಕುರಿ ಸಂಶೋಧನಾ ಯೋಜನೆಯಲ್ಲಿ ಮಾಂಸದ ಕುರಿಗಳ ಘಟಕವೊಂದನ್ನು ಅಲ್ಲಿ ನಡೆಸಿದರು. ಪ್ರಯೋಗಕ್ಕೆ ಆರಿಸಿದ್ದು ಕೋಲಾರದ ಮಂದೆಗಳಲ್ಲಿ ಬೆರೆತಿರುವ ಅವೇ ಎರಡು ತಳಿ: ನೆಲ್ಲೂರು ಮತ್ತು ಮಂಡ್ಯ. ಇವಕ್ಕೆ ಡಾರ್ಸೆಟ್, ಸಫೋಕ್ ಎಂಬ ವಿದೇಶಿ ಟಗರುಗಳನ್ನು ಬೆರೆಸಿದರು. ಕೊಟ್ಟಿಗೆಯಲ್ಲಿ ಚೆನ್ನಾಗಿ ಮೇವು ಹಾಕಿ ಆರು ತಿಂಗಳಿಗೆ 30 ಕೆ.ಜಿ. ತೂಗುವ ಮರಿ ಪಡೆಯುವುದು ಗುರಿ.

ಆ ಬೆರಕೆ ಕುರಿಗಳು ಯಾವ ಊರಿನ ಮಂದೆಯಲ್ಲೂ ನೆಲೆಯೂರಲಿಲ್ಲ. ಮುಂದೆ 1990ರಲ್ಲಿ ಯೋಜನೆ ಹೊಸ ರೂಪ ಪಡೆದಾಗ ದಿಕ್ಕೇ ಬದಲಾಯಿತು. ವಿದೇಶಿ ರಕ್ತ ಬಿಟ್ಟು, ದೇಶಿ ತಳಿಯೊಳಗೇ ಒಳ್ಳೆಯದನ್ನು ಆರಿಸಿ ಬೆಳೆಸುವ ಕೆಲಸ ಹಿಡಿದರು. ಪಲಮನೇರಿಗೆ ಬಂದದ್ದು ನೆಲ್ಲೂರಿನ ಪಾಲು.

ಮೈಸೂರು ಸೀಮೆಗೆ ಇದು ಮೊದಲ ಅನುಭವವೂ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ನಾಗಮಂಗಲದ ಬಳಿ ಮೆರಿನೊ ಟಗರು ತರಿಸಿ ಉಣ್ಣೆ ಸುಧಾರಿಸಲು ನೋಡಿದ್ದರು. ಅದೂ ಕೆಲವು ವರ್ಷ ನಡೆದು ನಿಂತಿತು. ಹೊರಗಿನ ಟಗರು ಗಾತ್ರವನ್ನು ತರುತ್ತದೆ. ಇಲ್ಲಿನ ಬಿಸಿಲು, ಮೇವಿನ ಬರ, ಮಳೆಗಾಲದ ನಂತರ ಕೀಟಗಳಿಂದ ಹರಡುವ ನೀಲಿ ನಾಲಗೆ ರೋಗ ಇವನ್ನು ತಡೆಯುವ ಮೈಗುಣ ಅದರ ಜೊತೆಗೆ ಬರುವುದಿಲ್ಲ.

ರೇಷ್ಮೆಯಲ್ಲಿ ಗೊತ್ತಿರುವುದು, ಕುರಿಯಲ್ಲಿ ಮರೆತಿರುವುದು

ಹಾಗಾದರೆ ಬೆರಕೆಯೇ ಬೇಡವೇ? ಬೇಕು. ಆದರೆ ಕೋಲಾರದ ರೈತ ರೇಷ್ಮೆಯಲ್ಲಿ ಪಾಲಿಸುವ ನಿಯಮವನ್ನೇ ಕುರಿಯಲ್ಲೂ ಪಾಲಿಸಬೇಕು. ಮೈಸೂರು ತಳಿಯ ಹೆಣ್ಣು, ದ್ವಿತಳಿಯ ಗಂಡು ಸೇರಿಸಿ ತೆಗೆದ ಮಿಶ್ರತಳಿ ಮೊಟ್ಟೆಯನ್ನು ರೈತ ಪ್ರತಿ ಬೆಳೆಗೂ ಹೊಸದಾಗಿ ತರುತ್ತಾನೆ. ತನ್ನ ಮನೆಯ ಮಿಶ್ರತಳಿ ಗೂಡಿನಿಂದ ಚಿಟ್ಟೆ ಬಿಡಿಸಿ ಮುಂದಿನ ಬೆಳೆಗೆ ಮೊಟ್ಟೆ ಇಡಿಸುವುದಿಲ್ಲ. ಹಾಗೆ ಮಾಡಿದರೆ ಗೂಡು ಒಂದೊಂದು ಒಂದೊಂದು ತರ ಆಗುತ್ತದೆಂದು ಅವನಿಗೆ ಗೊತ್ತು. ಶುದ್ಧ ಮೈಸೂರು ತಳಿಯನ್ನು ಕಾಪಾಡಲು ಕುಣಿಗಲ್, ಮಾಗಡಿ ಸೀಮೆಯಲ್ಲಿ ಬಿತ್ತನೆ ಗೂಡಿನ ಪ್ರದೇಶವೇ ಬೇರೆ ಇದೆ.

ಕುರಿಯಲ್ಲೂ ಇದೇ ನಿಯಮ. ಎರಡು ದೂರದ ತಳಿ ಬೆರೆತಾಗ ಮೊದಲ ಪೀಳಿಗೆಗೆ ಮಿಶ್ರ ಚೈತನ್ಯ ಬರುತ್ತದೆ. ಬೇರೆ ಬೇರೆ ದೇಶಗಳ ಕುರಿ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದವರ ಅಂದಾಜಿನಂತೆ ಹಾಲು ಬಿಡಿಸುವ ಹೊತ್ತಿನ ತೂಕದಲ್ಲಿ ಶೇ 5ರಷ್ಟು, ಮರಿ ಬದುಕುಳಿಯುವುದರಲ್ಲಿ ಶೇ 10ರ ಹತ್ತಿರ ಲಾಭ ಸಿಗುತ್ತದೆ. ಆ ಮರಿಗಳನ್ನೇ ಮಂದೆಯಲ್ಲಿ ಇಟ್ಟುಕೊಂಡು ತಮ್ಮತಮ್ಮೊಳಗೆ ಕೂಡಲು ಬಿಟ್ಟರೆ ಎರಡನೇ ಪೀಳಿಗೆಯಲ್ಲಿ ಈ ಲಾಭ ಅರ್ಧಕ್ಕೆ ಇಳಿಯುತ್ತದೆ. ಗಾತ್ರ, ಬಣ್ಣ, ಕಿವಿ, ಕೊಂಬು ಎಲ್ಲವೂ ಚದುರುತ್ತವೆ. ಇಂದು ಹೆದ್ದಾರಿಯ ಬದಿಯಲ್ಲಿ ಕಾಣುವ ಬಣ್ಣಬಣ್ಣದ ಮಂದೆ ಹೀಗೆ ಆದದ್ದು.

ಆದ್ದರಿಂದ ದಾರಿ ಸರಳ. ನಾಟಿ ಹೆಣ್ಣುಕುರಿಗಳ ಮಂದೆಯನ್ನು ಎರಡು ಭಾಗ ಮಾಡಿಕೊಳ್ಳಬೇಕು. ಒಳ್ಳೆಯ ತಾಯಿಗುಣದ ಕುರಿಗಳಿಗೆ ಅದೇ ತಳಿಯ ಟಗರು ಕಟ್ಟಿ, ಮುಂದಿನ ಹೆಣ್ಣುಮರಿಗಳನ್ನು ಅಲ್ಲಿಂದಲೇ ಆರಿಸಬೇಕು. ಉಳಿದವಕ್ಕೆ ನೆಲ್ಲೂರು ಟಗರು ಕಟ್ಟಿ, ಹುಟ್ಟುವ ಮರಿಗಳನ್ನು ಗಂಡು, ಹೆಣ್ಣು ಭೇದವಿಲ್ಲದೆ ಮಾರಬೇಕು. ಬೆರಕೆ ಮರಿ ಮಾರುವುದಕ್ಕೆ, ಬೀಜಕ್ಕಲ್ಲ. ಶುದ್ಧ ಬನ್ನೂರು ಟಗರು ಬೇಕಾದವರಿಗೆ ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರಿ ಕುರಿ ಸಂವರ್ಧನಾ ಕೇಂದ್ರವಿದೆ. ಮಂದೆ ಸಣ್ಣದಿದ್ದು ಎರಡು ಟಗರು ಸಾಕುವ ಶಕ್ತಿ ಇಲ್ಲದವರು ಊರಿನ ಇನ್ನಿಬ್ಬರೊಂದಿಗೆ ಸೇರಿ ಟಗರು ಹಂಚಿಕೊಳ್ಳಬಹುದು. ಒಂದು ಟಗರಿಗೆ 25ರಿಂದ 30 ಕುರಿ ಸಾಕು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು, ಇಲ್ಲದಿದ್ದರೆ ಅದರ ಹೆಣ್ಣುಮರಿಗಳೇ ಬೆದೆಗೆ ಬಂದು ನಿಲ್ಲುತ್ತವೆ.

ಡಾರ್ಪರ್ ಹುಚ್ಚು, ಕಟಾಡಿನ್ ವಿವೇಕ

ಈಗಿನ ಹೊಸ ಸೆಳೆತ ಡಾರ್ಪರ್. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಡಾರ್ಸೆಟ್ ಹಾರ್ನ್ ಮತ್ತು ಬ್ಲ್ಯಾಕ್‌ಹೆಡ್ ಪರ್ಷಿಯನ್ ಬೆರೆಸಿ ಕಟ್ಟಿದ ತಳಿ. ಬಿಳಿ ಮೈ, ಕಪ್ಪು ತಲೆ, ದುಂಡು ತೊಡೆ. ಯೂಟ್ಯೂಬಿನಲ್ಲಿ ಇದರ ಟಗರುಗಳಿಗೆ ಲಕ್ಷಗಳ ಲೆಕ್ಕದಲ್ಲಿ ಬೆಲೆ ಹೇಳುವವರಿದ್ದಾರೆ. ಬೆಳವಣಿಗೆಯಲ್ಲಿ ಡಾರ್ಪರ್ ಗಟ್ಟಿ, ಅನುಮಾನವಿಲ್ಲ. ಆದರೆ ಕಪ್ಪು ತಲೆ ಕಂಡ ಕುರಿಯೆಲ್ಲ ಡಾರ್ಪರ್ ಅಲ್ಲ, ಬೆರಕೆಯ ಬೆರಕೆಗೂ ಕಪ್ಪು ತಲೆ ಬರಬಹುದು. ತಲೆಯ ಬಣ್ಣಕ್ಕೆ ಲಕ್ಷ ಕೊಟ್ಟವರು ತೊಡೆಯನ್ನು ಮುಟ್ಟಿ ನೋಡುವುದು ಒಳ್ಳೆಯದು.

ಇದಕ್ಕೆ ಎದುರಾದ ಉದಾಹರಣೆ ಅಮೆರಿಕದ ಮೇನ್ ರಾಜ್ಯದ್ದು. ಮೈಕೆಲ್ ಪೀಲ್ ಎಂಬವರು 1957ರಲ್ಲಿ ವರ್ಜಿನ್ ದ್ವೀಪಗಳಿಂದ ಕೂದಲು ಕುರಿಗಳನ್ನು ತರಿಸಿ, ಸಫೋಕ್ ಮೊದಲಾದ ಮಾಂಸದ ತಳಿಗಳೊಂದಿಗೆ ವರ್ಷಗಟ್ಟಲೆ ಬೆರೆಸಿ, ಆರಿಸಿ, ಕಟಾಡಿನ್ ಎಂಬ ತಳಿ ಕಟ್ಟಿದರು. ಆ ತಳಿಯ ಲಕ್ಷಣಪಟ್ಟಿಯಲ್ಲಿ ಬಣ್ಣಕ್ಕೆ ನಿರ್ಬಂಧವೇ ಇಲ್ಲ. ಬಿಳಿ, ಕಂದು, ಕಪ್ಪು, ಮಚ್ಚೆ ಯಾವುದಾದರೂ ಆಗಬಹುದು. ಅವರು ನೋಡಿದ್ದು ಮೈಕಟ್ಟು, ಉಣ್ಣೆಯಿಲ್ಲದ ಮೈ, ತಾಯಿಗುಣ. ಆರಿಸುವಾಗ ಷರತ್ತು ಹೆಚ್ಚಿದಷ್ಟೂ ಪ್ರತಿಯೊಂದರಲ್ಲೂ ಸಿಗುವ ಪ್ರಗತಿ ಕಡಿಮೆ. ಬಣ್ಣದ ಷರತ್ತು ಬಿಟ್ಟದ್ದರಿಂದ ಉಳಿದವನ್ನು ಬಿಗಿಯಾಗಿ ಹಿಡಿಯಲು ಅವರಿಗೆ ಸಾಧ್ಯವಾಯಿತು.

ಮರಿಯ ಗಾತ್ರವಲ್ಲ, ಸಂಖ್ಯೆಯೇ ಹೆಚ್ಚಲಿ ಎಂದವರೂ ಇದ್ದಾರೆ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಬಂಗಾಳದ ಪುಟ್ಟ ಗರೋಲ್ ಕುರಿಯ ಅವಳಿ ಮರಿ ಜೀನನ್ನು ದಖನಿ ಕುರಿಗೆ ಸೇರಿಸಿ ‘ನಾರಿ ಸುವರ್ಣ’ ಕಟ್ಟಿತು. ಅದರ ಪ್ರಯೋಗಗಳಲ್ಲಿ ನಮ್ಮ ಬನ್ನೂರಿಗೂ ಪಾಲು ಸಿಕ್ಕಿತ್ತು. ಅವಳಿ ಮರಿ ಸಾಕಲು ತಾಯಿಗೆ ಹಾಲು ಬೇಕು, ಹಾಲಿಗೆ ಮೇವು ಬೇಕು. ಕೊಟ್ಟಿಗೆಯಲ್ಲಿ ಹಸಿರು ಮೇವು ಇರುವವರಿಗೆ ಅದು ಲಾಭ, ಬಯಲನ್ನೇ ನಂಬಿದವರಿಗೆ ಹೊರೆ.

ಮೇವಿನ ಪ್ರಶ್ನೆ ಕೋಲಾರದಲ್ಲಿ ತಳಿಯಷ್ಟೇ ದೊಡ್ಡದು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಹಬ್ಬಿದ ನೀಲಗಿರಿ ತೋಪುಗಳ ಅಡಿಯಲ್ಲಿ ಹುಲ್ಲು ಬೆಳೆಯಲಿಲ್ಲ. ಹೊಸದಾಗಿ ನೀಲಗಿರಿ ನೆಡುವುದಕ್ಕೆ ರಾಜ್ಯದಲ್ಲಿ 2017ರಲ್ಲಿ ತಡೆ ಬಿದ್ದರೂ ಹೋದ ಗೋಮಾಳ ಹಾಗೇ ಮರಳಲಿಲ್ಲ. ಇನ್ನೊಂದು ಕಡೆ ಜಿಲ್ಲೆಯ ಹಿಪ್ಪುನೇರಳೆ ತೋಟ ಕುರಿಗೆ ವರದಾನ. ಹುಳು ತಿಂದು ಮಿಕ್ಕ ಸೊಪ್ಪು, ಎಳೆ ಕಡ್ಡಿ ಪೌಷ್ಟಿಕ ಮೇವು. ಸುಣ್ಣ, ಬ್ಲೀಚಿಂಗ್ ಪೌಡರ್ ಉದುರಿಸಿದ ಹುಳುಹಾಸಿನ ಕಸವನ್ನು ಮಾತ್ರ ಹಾಕಬಾರದು. ಹಿಪ್ಪುನೇರಳೆ ಸೊಪ್ಪಿನ ಜೊತೆಗೆ ಕಡಲೆಕಾಯಿ ಬಳ್ಳಿ, ಹುರುಳಿ ಹೊಟ್ಟು ಸೇರಿದರೆ ಸಣ್ಣ ರೈತನಿಗೂ ಗಬ್ಬದ ಕುರಿಯ ಕೊನೆಯ ಆರು ವಾರ ದಾಟಿಸುವುದು ಕಷ್ಟವಲ್ಲ.

ಲೆಕ್ಕ ಹೀಗಿದೆ

25 ಕುರಿಗಳ ಮಂದೆಯೊಂದನ್ನು ಇಟ್ಟುಕೊಳ್ಳಿ. ಮಾರಾಟದ ವಯಸ್ಸಿಗೆ 20 ಮರಿ ಉಳಿದವೆನ್ನಿ. ಒಳ್ಳೆಯ ಟಗರಿನಿಂದ ಮರಿಗೆ ಎರಡು ಕೆ.ಜಿ. ಹೆಚ್ಚಿದರೆ ಒಟ್ಟು ಲಾಭ 40 ಕೆ.ಜಿ. ಅದೇ ಮಂದೆಯಲ್ಲಿ ಲಸಿಕೆ, ಗಿಣ್ಣುಹಾಲು, ಜಂತಿನ ಔಷಧದಿಂದ ತಲಾ 15 ಕೆ.ಜಿ.ಯ ಇನ್ನೂ ಮೂರು ಮರಿ ಉಳಿದರೆ ಲಾಭ 45 ಕೆ.ಜಿ. ಟಗರಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಪಿಪಿಆರ್ ಮತ್ತು ಕರುಳುಬೇನೆಯ ಲಸಿಕೆ ಹಾಕಿಸುವುದು ಅಗ್ಗದ ತಳಿ ಸುಧಾರಣೆ. ಬಣ್ಣದಿಂದ ಈ ಲೆಕ್ಕಕ್ಕೆ ಒಂದು ಗ್ರಾಮೂ ಸೇರುವುದಿಲ್ಲ.

ಹಾಗಿದ್ದೂ ಬಣ್ಣ, ಎತ್ತರಗಳೇ ಯಾಕೆ ಗೆಲ್ಲುತ್ತವೆ? ನಮ್ಮ ಸಂತೆಗಳಲ್ಲಿ ಕುರಿ ಇನ್ನೂ ಕಣ್ಣಂದಾಜಿನಲ್ಲೇ ಬಿಕರಿಯಾಗುತ್ತಿದೆ. ದಲ್ಲಾಳಿ ಬೆನ್ನು ಒತ್ತಿ, ಹಲ್ಲು ನೋಡಿ, ಒಂದು ಬೆಲೆ ಕೂಗುತ್ತಾನೆ. ಆ ಅಂದಾಜಿನಲ್ಲಿ ಉದ್ದ ಕಾಲಿನ ಕುರಿ ಇರುವುದಕ್ಕಿಂತ ಭಾರವಾಗಿ ಕಾಣುತ್ತದೆ, ಗಿಡ್ಡ ಬನ್ನೂರು ಹಗುರಾಗಿ ಕಾಣುತ್ತದೆ. ಹೊಸತೊಡಕಿನ ದಿನ ಗುಡ್ಡೆ ಮಾಂಸ ಹಾಕುವವರಿಗೆ ಮಾತ್ರ ನಿಜ ತಿಳಿಯುತ್ತದೆ. ಹೊರಗೆ ಎಷ್ಟೇ ಬಣ್ಣವಿದ್ದರೂ ಚರ್ಮ ಸುಲಿದ ಮೇಲೆ ಉಳಿಯುವುದು ಮಾಂಸ, ಮೂಳೆ ಮಾತ್ರ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿದ್ದವು. ತೆಲಂಗಾಣ, ಆಂಧ್ರದ ನಂತರ ದೇಶಕ್ಕೆ ಮೂರನೇ ಸ್ಥಾನ. 20 ಕುರಿ, ಒಂದು ಟಗರು ಲೆಕ್ಕದ ಘಟಕಗಳಿಗೆ ರಾಜ್ಯ ಸರ್ಕಾರ ನೆರವು ಕೊಟ್ಟಿದೆ. ರಾಷ್ಟ್ರೀಯ ಜಾನುವಾರು ಮಿಷನ್ 500 ಕುರಿ, 25 ಟಗರಿನ ಘಟಕಕ್ಕೆ 50 ಲಕ್ಷ ರೂಪಾಯಿವರೆಗೆ ಸಬ್ಸಿಡಿ ಕೊಡುತ್ತದೆ. ಆದರೆ ಘಟಕಕ್ಕೆ ಬರುವ ಟಗರು ಯಾವ ತಾಯಿಯದು, ಮೂರು ತಿಂಗಳಿಗೆ ಎಷ್ಟು ತೂಗಿತ್ತು ಎಂಬ ಚೀಟಿ ಅದರ ಕೊರಳಲ್ಲಿ ಇಲ್ಲದಿದ್ದರೆ ಸಬ್ಸಿಡಿಯಿಂದ ಮಂದೆ ಬೆಳೆಯುತ್ತದೆ, ತಳಿ ಬೆಳೆಯುವುದಿಲ್ಲ.

ಪಶುಪಾಲನಾ ಇಲಾಖೆ ಮತ್ತು ಕುರಿ ನಿಗಮ ಕೋಲಾರ ಜಿಲ್ಲೆಗೆ ಎರಡು ಕೆಲಸ ಮಾಡಿಕೊಡಲಿ. ತೂಕದ ದಾಖಲೆ ಇರುವ ಬನ್ನೂರು, ನೆಲ್ಲೂರು ಟಗರುಗಳನ್ನು ಊರಿನ ಗುಂಪುಗಳಿಗೆ ಸರದಿಯ ಮೇಲೆ ಒದಗಿಸಲಿ. ಕುರಿ ಸೇರುವ ಪ್ರತಿ ಸಂತೆಯಲ್ಲೂ ಒಂದು ತಕ್ಕಡಿ ಇಡಲಿ. ರೈತರು ಮಾಡಬೇಕಾದ್ದು ಇನ್ನೂ ಸುಲಭ: ಹುಟ್ಟಿದ ದಿನ, ಮೂರನೇ ತಿಂಗಳು, ಆರನೇ ತಿಂಗಳು ಮರಿಯನ್ನು ತೂಗಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಬೀಜದ ಟಗರನ್ನು ಆ ಪುಸ್ತಕ ನೋಡಿ ಆರಿಸಿ. ಅದರ ಬಣ್ಣ ಯಾವುದಾದರೂ ಇರಲಿ.